ಅಪ್ಪನ ಜಾವಾ ಮತ್ತೆ ರಸ್ತೆಗೆ ಬರಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮ ತಂದೆ 1972ರಲ್ಲಿ ಕೊಂಡ ಜಾವಾ 250 ಬೈಕ್ ಹಲವು ವರ್ಷಗಳಿಂದ ಮನೆಯ ಹಿಂದಿನ ಶೆಡ್‌ನಲ್ಲಿ ನಿಂತಿದೆ. ಮೂರಕ್ಷರದ ಹಳೆ ನಂಬರ್. ತಂದೆ ಈಗಿಲ್ಲ. ಆರ್‌ಸಿ ಬುಕ್ ಅವರ ಹೆಸರಿನಲ್ಲೇ ಇದೆ, ಅವಧಿಯೂ ಮುಗಿದಿದೆ. ಅದನ್ನು ರಿಪೇರಿ ಮಾಡಿಸಿ ಭಾನುವಾರ ಸುತ್ತಾಡಬೇಕು, ಆಗಾಗ ಕೆಲಸಕ್ಕೂ ತೆಗೆದುಕೊಂಡು ಹೋಗಬೇಕು ಅಂತ ಆಸೆ. ಒಬ್ಬರು ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿ ಅಂತಾರೆ. ಇನ್ನೊಬ್ಬರು 15 ವರ್ಷ ದಾಟಿದ ಗಾಡಿ ಗುಜರಿಗೇ ಹೋಗಬೇಕು ಅಂತಾರೆ. ಯಾವುದು ಸರಿ? ಎಂಜಿನ್ ವಿಷಯದಲ್ಲಿ ಏನೇನು ನೋಡಿಕೊಳ್ಳಬೇಕು?
ಹಾಸನ ಜಿಲ್ಲೆಯ ಓದುಗರು

ಉತ್ತರ: ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ನಿಮ್ಮ ಬೈಕ್ ಗುಜರಿಗೆ ಹೋಗಬೇಕಾಗಿಲ್ಲ. ಹಾಗೇ, ಅದನ್ನು ನಿಜವಾಗಿ ಓಡಿಸಬೇಕು ಅಂತಿದ್ದರೆ ವಿಂಟೇಜ್ ರಿಜಿಸ್ಟ್ರೇಷನ್ ಕಡೆಗೂ ಹೋಗಬೇಡಿ. ನಿಮಗೆ ಬೇಕಾಗಿರುವುದು ಈಗ ಇರುವ ಮಾಮೂಲಿ ಆರ್‌ಸಿಗೇ ಮತ್ತೆ ಜೀವ ಕೊಡಿಸುವುದು.

ಮೊದಲು ಆ 15 ವರ್ಷದ ಗೊಂದಲ. ನಮ್ಮ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಬೈಕಿನ ಮೊದಲ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿಯನ್ನು ತೋರಿಸಿ, ಓಡಿಸಲು ಯೋಗ್ಯವಾಗಿದೆ ಅಂತಾದರೆ 5 ವರ್ಷಕ್ಕೆ ನವೀಕರಣ ಮಾಡಿಕೊಡುತ್ತಾರೆ. ಮತ್ತೆ 5 ವರ್ಷ, ಮತ್ತೆ 5 ವರ್ಷ. ಇಷ್ಟೇ ಸಲ ಅನ್ನುವ ಮಿತಿ ಇಲ್ಲ. ದೆಹಲಿ ಸುತ್ತಮುತ್ತ ಕೋರ್ಟ್ ಆದೇಶಗಳಿಂದಾಗಿ ಬೇರೆ ಕಥೆ. ಸರ್ಕಾರಿ ವಾಹನಗಳಿಗೂ 2023ರ ಏಪ್ರಿಲ್‌ನಿಂದ 15 ವರ್ಷದ ನಂತರ ನವೀಕರಣ ಇಲ್ಲ. ಈ ಸುದ್ದಿಗಳೆಲ್ಲ ಸೇರಿ ಜನ ಎಲ್ಲ ಹಳೆ ಗಾಡಿಗೂ ಅದೇ ಗತಿ ಅಂದುಕೊಂಡಿದ್ದಾರೆ. ಕರ್ನಾಟಕದಲ್ಲಿ ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ಖಾಸಗಿ ಬೈಕನ್ನು ಯಾರೂ ಕಿತ್ತುಕೊಂಡು ಹೋಗುವುದಿಲ್ಲ. ಹೆದರಿಸಿ ಕಡಿಮೆ ದುಡ್ಡಿಗೆ ಹೊಡೆದುಕೊಂಡು ಹೋಗುವವರು ಮಾತ್ರ ಇದ್ದಾರೆ, ಹುಷಾರು.

ಇನ್ನು ವಿಂಟೇಜ್. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ಮಾಡಿಸಿದರೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆಮೇಲಿನ ಮರುನೋಂದಣಿಗೆ 5,000 ರೂಪಾಯಿ. ಹೊಸ ನಂಬರ್ ಪಡೆಯುವ ಗಾಡಿಗಳಿಗೆ 'ವಿಎ' ಅಕ್ಷರ ಇರುವ ಸರಣಿ. ಈಗಾಗಲೇ ನಂಬರ್ ಇರುವ ಗಾಡಿ ತನ್ನ ಹಳೆ ನಂಬರನ್ನೇ ಇಟ್ಟುಕೊಳ್ಳಬಹುದು. ಕೇಳೋಕೆ ಚೆನ್ನಾಗಿದೆ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ವಿಂಟೇಜ್ ಅಂತ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ವಿಂಟೇಜ್ ರ್‍ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ಹಾಕಿಸಲು ಮತ್ತು ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು. ದಿನಬಳಕೆಗೆ ಇಲ್ಲ. ನೀವು ಅದರ ಮೇಲೆ ಕೆಲಸಕ್ಕೆ ಹೋದರೆ ನಿಯಮ ಮುರಿದ ಹಾಗೆ. ಆ ಹೊತ್ತಿಗೆ ಏನಾದರೂ ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಮೊದಲು ಎತ್ತುವ ಪ್ರಶ್ನೆಯೇ ಅದು. ಈ ನಿಯಮ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಪೇಪರ್ ನವೀಕರಣವಾಗದೆ ಸಂಗ್ರಹದಲ್ಲಿ ಕೂತಿರುವ ಗಾಡಿಗಳಿಗೆ, ಹೊರದೇಶದಿಂದ ತಂದ ಅಪರೂಪದ ಗಾಡಿಗಳಿಗೆ ಅದು ಒಳ್ಳೆಯ ದಾರಿ. ನಿಮ್ಮದು ಓಡುವ ಗಾಡಿ ಆಗಬೇಕು ಅಲ್ವಾ? ಹಾಗಾದರೆ ಅದು ನಿಮ್ಮ ದಾರಿ ಅಲ್ಲ.

ಈಗ ಕೆಲಸ ಶುರು ಮಾಡೋಣ. ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ತೆಗೆದುಕೊಳ್ಳಿ. ಹ್ಯಾಂಡಲ್ ಕೆಳಗೆ ಚಾಸಿಯ ನೆಕ್ ಇದೆಯಲ್ಲ, ಅಲ್ಲಿ ಚಾಸಿ ನಂಬರ್ ಹುಡುಕಿ. ಕ್ರ್ಯಾಂಕ್‌ಕೇಸ್ ಮೇಲೆ ಎಂಜಿನ್ ನಂಬರ್ ಹುಡುಕಿ. ಮಣ್ಣು, ಗ್ರೀಸು ಮೆಲ್ಲಗೆ ಒರೆಸಿ. ವೈರ್ ಬ್ರಷ್ ಬೇಡ, ಮರಳು ಕಾಗದ ಅಂತೂ ಬೇಡವೇ ಬೇಡ. ನಂಬರ್ ಕಾಣಿಸಿದ ಮೇಲೆ ಒಂದು ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಇದನ್ನೇ ಆರ್‌ಟಿಒ ಫಾರಂಗಳಲ್ಲಿ ಪೆನ್ಸಿಲ್ ಪ್ರಿಂಟ್ ಅಂತ ಕೇಳುತ್ತಾರೆ. ಆ ಅಚ್ಚನ್ನು ಆರ್‌ಸಿ ಬುಕ್ಕಿನ ಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ಹಳೆ ಪುಸ್ತಕಗಳಲ್ಲಿ ಕೈಬರಹ. 1 ಮತ್ತು 7, 3 ಮತ್ತು 8 ಅದಲುಬದಲಾಗಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥದ್ದು ಸಿಕ್ಕರೆ ಗಾಬರಿ ಬೇಡ, ಆದರೆ ಅರ್ಜಿ ಹಾಕುವ ಮೊದಲೇ ಗೊತ್ತಾಗಬೇಕು.

ಎಂಜಿನ್ ನಂಬರ್ ಪೂರ್ತಿ ಬೇರೆಯೇ ಇದ್ದರೆ ಯಾವುದೋ ಕಾಲದಲ್ಲಿ ಎಂಜಿನ್ ಬದಲಾಗಿದೆ ಅಂತ ಅರ್ಥ. ಜಾವಾಗಳಲ್ಲಿ ಇದು ಮಾಮೂಲಿ. ಆಗ ಆ ಎಂಜಿನ್‌ನ ಬಿಲ್ಲು ಅಥವಾ ದಾಖಲೆ ಹುಡುಕಿ, ಬದಲಾವಣೆಯನ್ನು ಆರ್‌ಸಿಯಲ್ಲಿ ಸೇರಿಸಲು ಅರ್ಜಿ ಹಾಕಬೇಕು. "ನಂಬರ್ ಹೊಡೆದುಕೊಡ್ತೀನಿ ಬಿಡಿ ಸಾರ್" ಅನ್ನುವವರು ಸಿಗುತ್ತಾರೆ. ಅವರ ಹತ್ತಿರ ಹೋಗಬೇಡಿ. ನಂಬರ್ ತಿದ್ದುವುದು ಅಪರಾಧ. ಅಷ್ಟೇ ಅಲ್ಲ, ಒಮ್ಮೆ ತಿದ್ದಿದ ಗಾಡಿಯ ಮೇಲಿನ ಅನುಮಾನ ಯಾವತ್ತೂ ಹೋಗುವುದಿಲ್ಲ.

ಪೇಂಟಿಂಗ್ ವಿಷಯವನ್ನೂ ಇಲ್ಲೇ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಬೈಕ್ ಬಿಚ್ಚಿ, ಚಾಸಿಯನ್ನು ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಕೊಟ್ಟು, ಪೌಡರ್ ಕೋಟಿಂಗ್ ಮಾಡಿಸಿ ಹೊಳೆಯುವ ಹಾಗೆ ತರುತ್ತಾರೆ. ಆಮೇಲೆ ನೋಡಿದರೆ ಚಾಸಿ ನಂಬರ್ ಅರ್ಧ ಅಳಿಸಿರುತ್ತದೆ, ಇನ್ನರ್ಧದ ಮೇಲೆ ದಪ್ಪ ಬಣ್ಣ ಕೂತಿರುತ್ತದೆ. ಇನ್‌ಸ್ಪೆಕ್ಟರ್ ಮುಂದೆ ಓದಲು ಬರದ ನಂಬರ್ ಅಂದರೆ ಇಲ್ಲದ ನಂಬರ್. ಹಾಗಾಗಿ ಪೇಂಟ್ ಕೊನೆಗೆ, ಆರ್‌ಸಿ ನವೀಕರಣ ಆದ ಮೇಲೆ. ಮಾಡಿಸುವಾಗ ನಂಬರ್ ಇರುವ ಜಾಗಕ್ಕೆ ಟೇಪ್ ಸುತ್ತಿಸಿ, ನೀವೇ ನಿಂತು ನೋಡಿ. ಬಣ್ಣವೂ ಆರ್‌ಸಿಯಲ್ಲಿ ಬರೆದಿರುವುದೇ ಇರಲಿ. ನನ್ನನ್ನು ಕೇಳಿದರೆ, ತಂದೆಯವರ ಕಾಲದ ಬಣ್ಣ ಸ್ವಲ್ಪವಾದರೂ ಉಳಿದಿದ್ದರೆ ಪೇಂಟ್ ಮಾಡಿಸುವುದೇ ಬೇಡ. ಹೊಸ ಬಣ್ಣ ಯಾವಾಗ ಬೇಕಾದರೂ ಹಾಕಿಸಬಹುದು, ಹಳೆಯದು ಹೋದರೆ ಹೋಯಿತು.

ಆರ್‌ಟಿಒ ಕೆಲಸದಲ್ಲಿ ಮೊದಲ ಹೆಜ್ಜೆ ಬಿ ಎಕ್ಸ್‌ಟ್ರ್ಯಾಕ್ಟ್. ಗಾಡಿ ಯಾವ ಕಚೇರಿಯಲ್ಲಿ ನೋಂದಣಿಯಾಗಿದೆಯೋ ಅಲ್ಲಿನ ರಿಜಿಸ್ಟರ್‌ನಲ್ಲಿ ನಿಮ್ಮ ಬೈಕ್ ಬಗ್ಗೆ ಏನು ಬರೆದಿದೆ ಅನ್ನುವುದರ ಅಧಿಕೃತ ನಕಲು ಅದು. ಮಾಲೀಕರು ಯಾರು, ಸಾಲ ಇತ್ತಾ, ತೆರಿಗೆ ಎಲ್ಲಿಯವರೆಗೆ ಕಟ್ಟಿದೆ, ಕೊನೆಯ ನವೀಕರಣ ಯಾವಾಗ, ಎಲ್ಲ ಅದರಲ್ಲಿ ಗೊತ್ತಾಗುತ್ತದೆ. 1972ರ ಗಾಡಿಯ ದಾಖಲೆ ಕಂಪ್ಯೂಟರ್‌ಗೆ ಹತ್ತಿರದೇ ಇರುವ ಸಾಧ್ಯತೆ ಇದೆ. ಆರ್‌ಟಿಒಗಳ 'ವಾಹನ್' ತಂತ್ರಾಂಶದಲ್ಲಿ ನಿಮ್ಮ ನಂಬರ್ ಹಾಕಿದಾಗ ಏನೂ ಬರದಿದ್ದರೆ, ಹಳೆ ರಿಜಿಸ್ಟರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಇದಾಗದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ನೋಂದಣಿಯಾದ ಕಾಲಕ್ಕೂ ಈಗಕ್ಕೂ ಜಿಲ್ಲೆ, ಕಚೇರಿ ಬದಲಾಗಿದ್ದರೆ ಹಳೆ ರಿಜಿಸ್ಟರ್ ಎಲ್ಲಿದೆ ಅನ್ನುವುದನ್ನೂ ಹುಡುಕಬೇಕಾದೀತು. ಇದರಲ್ಲಿ ಸ್ವಲ್ಪ ಓಡಾಟ ಇದೆ. ತಾಳ್ಮೆ ಇಟ್ಟುಕೊಳ್ಳಿ. ಪ್ರತಿ ಅರ್ಜಿಗೂ ಸ್ವೀಕೃತಿ ಹಾಕಿಸಿಕೊಳ್ಳಿ.

ಆಮೇಲೆ ಹೆಸರು ವರ್ಗಾವಣೆ. ಮಾಲೀಕರು ತೀರಿಕೊಂಡಾಗ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು ಅನ್ನುವುದು ನಿಯಮ. ನಿಮ್ಮ ವಿಷಯದಲ್ಲಿ ಆ ಅವಧಿ ಮುಗಿದಿದೆ ಅಂತ ಕಾಣುತ್ತದೆ. ತಡವಾದರೆ ಬಾಗಿಲು ಮುಚ್ಚುವುದಿಲ್ಲ, ದಂಡ ಬೀಳುತ್ತದೆ ಅಷ್ಟೇ. ತಂದೆಯವರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ತಾಯಿ ಮತ್ತು ಒಡಹುಟ್ಟಿದವರಿಂದ "ಗಾಡಿ ಇವರ ಹೆಸರಿಗಾಗಲಿ, ನಮ್ಮ ತಕರಾರಿಲ್ಲ" ಅನ್ನುವ ಅಫಿಡವಿಟ್, ಇವನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರ ಹತ್ತಿರ ಈಗಲೇ ಕೂತು ಮಾತಾಡಿ. ಶೆಡ್‌ನಲ್ಲಿ ತುಕ್ಕು ಹಿಡಿದಿದ್ದಾಗ ಯಾರಿಗೂ ಬೇಡವಾದ ಬೈಕ್, ರೆಡಿಯಾದ ದಿನ ಎಲ್ಲರಿಗೂ ಬೇಕಾಗುತ್ತದೆ.

ನವೀಕರಣಕ್ಕೆ ಫಾರಂ 25. ಶುಲ್ಕ ಇತ್ತೀಚೆಗೆ ಏರಿದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಬೈಕಿಗೆ 1,000 ರೂಪಾಯಿ ಮಾಡಿದ್ದರು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ 2,000 ರೂಪಾಯಿ ಮಾಡಿದರು. ಇದು ದೊಡ್ಡದಲ್ಲ. ದೊಡ್ಡದಾಗಬಹುದಾದದ್ದು ತಡದ ಶುಲ್ಕ. ನವೀಕರಣ ತಡವಾದ ಪ್ರತಿ ತಿಂಗಳಿಗೆ ಬೈಕಿಗೆ 300 ರೂಪಾಯಿ. ಎಷ್ಟೋ ವರ್ಷ ನಿಂತ ಗಾಡಿಗೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನೀವೇ ಲೆಕ್ಕ ಹಾಕಿ. ಇದರ ಮೇಲೆ ಹಸಿರು ತೆರಿಗೆ, ರಸ್ತೆ ತೆರಿಗೆ ಬಾಕಿ ಇದ್ದರೆ ಅದು. ಹಾಗಾಗಿ ಎಂಜಿನ್‌ಗೆ ದುಡ್ಡು ಸುರಿಯುವ ಮೊದಲು ಕಚೇರಿಯಲ್ಲಿ ಒಟ್ಟು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿಸಿ. ಏಜೆಂಟ್ ಬಾಯಿಂದ ಬಂದ ಮೊತ್ತ ನಂಬಬೇಡಿ. ತಂದೆಯವರ ಹಳೆ ಕಾಗದಗಳ ಕಟ್ಟಿನಲ್ಲಿ ಟ್ಯಾಕ್ಸ್ ಕಾರ್ಡ್ ಸಿಕ್ಕರೆ ಜೋಪಾನ. ತೆರಿಗೆ ಕಟ್ಟಿದ್ದಕ್ಕೆ ಅದೇ ಸಾಕ್ಷಿ. ಆರ್‌ಸಿ ಬುಕ್ ಕಳೆದುಹೋಗಿದ್ದರೆ ಪೊಲೀಸ್ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪ್ರತಿ ಪಡೆಯಬೇಕಿತ್ತು. ನಿಮ್ಮ ಹತ್ತಿರ ಮೂಲ ಪ್ರತಿಯೇ ಇದೆ, ಪುಣ್ಯ.

ಇನ್ನು ಗಾಡಿ. ನಿಮ್ಮ ಜಾವಾ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು, 1996ರಲ್ಲಿ ನಿಂತಿತು. ಯೆಜ್ಡಿ ಅನ್ನುವ ಹೆಸರು ನಿಮ್ಮ ಗಾಡಿ ಬಂದ ಮೇಲೆ ಬಂತು. 2018ರ ನಂತರ ಬಂದ ಹೊಸ ಜಾವಾಗಳಿಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಅವು ಫೋರ್ ಸ್ಟ್ರೋಕ್, ನಿಮ್ಮದು ಟೂ ಸ್ಟ್ರೋಕ್. ಹೊಸ ಜಾವಾ ಶೋರೂಮಿನಲ್ಲಿ ನಿಮ್ಮ ಎಂಜಿನ್‌ಗೆ ಏನೂ ಸಿಗುವುದಿಲ್ಲ. ಹಳೆ ಜಾವಾ ಕೈಯಾಡಿಸಿದ ಮೆಕ್ಯಾನಿಕ್ ಬೇಕು. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಮೈಸೂರು, ಬೆಂಗಳೂರಿನಲ್ಲಿ ಹಳೆ ಗಾಡಿಯವರೆಲ್ಲ ಸೇರುತ್ತಾರೆ. ಒಮ್ಮೆ ಹೋಗಿ ಬನ್ನಿ. ಯಾರ ಕೈಯಲ್ಲಿ ಎಂಜಿನ್ ಚೆನ್ನಾಗಿ ಮಾತಾಡುತ್ತದೆ, ಯಾರ ಪಾರ್ಟ್ ಡೂಪ್ಲಿಕೇಟ್, ಎಲ್ಲ ಅಲ್ಲಿ ಗೊತ್ತಾಗುತ್ತದೆ.

ನಿಂತ ಎಂಜಿನ್‌ಗೆ ಹೋದ ತಕ್ಷಣ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಿಂದ ನಾಲ್ಕೈದು ಚಮಚ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ ಎಣ್ಣೆ) ಬಿಟ್ಟು ಒಂದು ರಾತ್ರಿ ಬಿಡಿ. ಮಾರನೇ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಅಲ್ಲಾಡಿದರೆ ಒಳ್ಳೆಯದು. ಅಲ್ಲಾಡದಿದ್ದರೆ ಪಿಸ್ಟನ್ ಹಿಡಿದಿದೆ. ಇನ್ನಷ್ಟು ಎಣ್ಣೆ, ಇನ್ನಷ್ಟು ದಿನ. ಜೋರು ಮಾಡಿದರೆ ರಿಂಗ್ ಮುರಿಯುತ್ತದೆ, ಬೋರ್‌ಗೆ, ಅಂದರೆ ಸಿಲಿಂಡರ್ ಒಳಗೋಡೆಗೆ, ಗೀರು ಬೀಳುತ್ತದೆ.

ಎಂಜಿನ್ ಸುತ್ತಿದರೂ, ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ ಅಂತಾದರೂ, ಒಂದು ಕೆಲಸವನ್ನು ಮಾತ್ರ ಬಿಡಬೇಡಿ: ಕ್ರ್ಯಾಂಕ್ ಆಯಿಲ್ ಸೀಲ್ ಬದಲಾವಣೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಳೆ ಟೂ ಸ್ಟ್ರೋಕ್‌ಗಳನ್ನು ಕೊಲ್ಲುವುದು ಇದೇ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ ಒಂದು ಪಂಪ್. ಪಿಸ್ಟನ್ ಮೇಲೆ ಹೋದಾಗ ಕಾರ್ಬುರೇಟರ್‌ನಿಂದ ಪೆಟ್ರೋಲು, ಎಣ್ಣೆ, ಗಾಳಿಯ ಮಿಶ್ರಣವನ್ನು ಕೆಳಗಿನ ಕೋಣೆಗೆ ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಅದನ್ನು ಒತ್ತಿ, ಪಕ್ಕದ ಪೋರ್ಟ್‌ಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಮೂಲಕ ಮೇಲಕ್ಕೆ ಕಳಿಸುತ್ತದೆ. ಈ ಎಳೆತ ಒತ್ತಡ ಎರಡನ್ನೂ ಹಿಡಿದಿಡುವುದು ಕ್ರ್ಯಾಂಕಿನ ಎರಡು ತುದಿಯಲ್ಲಿರುವ ರಬ್ಬರ್ ಸೀಲ್‌ಗಳು. ವರ್ಷಗಟ್ಟಲೆ ನಿಂತರೆ ಆ ರಬ್ಬರ್ ಗಟ್ಟಿಯಾಗಿ ತುಟಿ ಬಿಡುತ್ತದೆ.

ಎಡಗಡೆ ಕ್ಲಚ್ ಇದೆ, ಗೇರ್ ಬಾಕ್ಸ್ ಎಣ್ಣೆ ಇದೆ. ಆ ಕಡೆ ಸೀಲ್ ಹೋದರೆ ಎಂಜಿನ್ ಆ ಎಣ್ಣೆಯನ್ನೇ ಕುಡಿಯಲು ಶುರು ಮಾಡುತ್ತದೆ. ಬಿಸಿಯಾದ ಮೇಲೂ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ, ಗೇರ್ ಬಾಕ್ಸ್‌ನಲ್ಲಿ ಎಣ್ಣೆ ಕಡಿಮೆಯಾಗುತ್ತಾ ಹೋಗುತ್ತದೆ. ಇದು ತಾನಾಗಿ ಹೇಳಿಕೊಳ್ಳುವ ರೋಗ. ಬಲಗಡೆಯದು ಮೋಸಗಾರ. ಅಲ್ಲಿ ಡೈನಮೋ ಇದೆ, ಎಣ್ಣೆ ಇಲ್ಲ, ಬರೀ ಗಾಳಿ. ಆ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಮಿಶ್ರಣ ಬಡವಾಗುತ್ತದೆ. ಅಂದರೆ ಪೆಟ್ರೋಲ್ ಕಮ್ಮಿ, ಜೊತೆಗೆ ಅದರಲ್ಲಿ ಬರುವ ಎಣ್ಣೆಯೂ ಕಮ್ಮಿ. ಗಾಡಿ ಮೊದಮೊದಲು ಚುರುಕಾಗಿಯೇ ಓಡುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ತಕ್ಷಣ ಇಳಿಯುವುದಿಲ್ಲ, ಐಡ್ಲಿಂಗ್ ಒಂದು ಕಡೆ ನಿಲ್ಲುವುದಿಲ್ಲ. ಕಾರ್ಬುರೇಟರ್ ಸ್ಕ್ರೂ ಎಷ್ಟು ತಿರುಗಿಸಿದರೂ ಅಷ್ಟೇ. ಪ್ಲಗ್ ಬಿಚ್ಚಿದರೆ ಬಿಳಿ. ಹೀಗೇ ಓಡಿಸಿದರೆ ಒಂದು ದಿನ ಏರಿನಲ್ಲಿ ಪಿಸ್ಟನ್ ಹಿಡಿಯುತ್ತದೆ. ಡೈನಮೋ ಕವರ್ ತೆಗೆದು ಹಿಂದೆ ಕೈಯಾಡಿಸಿ ನೋಡಿ. ಎಣ್ಣೆ ಜಿಡ್ಡು ಮೆತ್ತಿದ್ದರೆ ಅದೇ ಗುರುತು. ಟೆಸ್ಟ್ ಮಾಡುತ್ತಾ ಕೂರಬೇಡಿ. ಇಷ್ಟು ವರ್ಷ ನಿಂತ ಗಾಡಿಗೆ ಎರಡೂ ಸೀಲ್ ಹೊಸದು ಹಾಕಿಸಿ, ಸಿಕ್ಕರೆ ವಿಟಾನ್ ರಬ್ಬರಿನದು. ಅದಕ್ಕೆ ಕಾರಣ ಪೆಟ್ರೋಲ್, ಮುಂದೆ ಹೇಳುತ್ತೇನೆ.

ಬೋರಿಂಗ್, ಅಂದರೆ ಸವೆದ ಸಿಲಿಂಡರ್ ಕೊರೆಸಿ ದೊಡ್ಡದು ಮಾಡಿಸುವುದು, ಬೇಕಾದರೆ ಎರಡು ವಿಷಯ ಲೇತ್‌ನವರಿಗೆ ಒತ್ತಿ ಹೇಳಿ. ಮೊದಲು ಪಿಸ್ಟನ್ ಕೊಂಡುಕೊಳ್ಳಿ, ಆ ಪಿಸ್ಟನ್ ಅವರ ಕೈಗೆ ಕೊಟ್ಟು ಅದಕ್ಕೆ ತಕ್ಕಂತೆ ಬೋರ್ ಮಾಡಿಸಿ. ಡಬ್ಬಿ ಮೇಲೆ ಬರೆದ ಸೈಜ್ ನಂಬಿ ಮೊದಲೇ ಕೊರೆಯುವುದು ಬೇಡ. ಎರಡನೆಯದು, ಬೋರ್ ಆದ ಮೇಲೆ ಪೋರ್ಟ್‌ಗಳ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತದೆ. ಅದನ್ನು ನಯವಾಗಿ ಉಜ್ಜಿಸಬೇಕು. ಇಲ್ಲದಿದ್ದರೆ ರಿಂಗ್ ಆ ಅಂಚಿಗೆ ತಗುಲಿ ಮುರಿಯುತ್ತದೆ. ಹೊಸ ಪಿಸ್ಟನ್ ಹಾಕಿದ ಮೇಲೆ ಮೊದಲ 500 ಕಿ.ಮೀ. ಐವತ್ತರ ಒಳಗೆ ಓಡಿಸಿ, ಮಧ್ಯೆ ಮಧ್ಯೆ ನಿಲ್ಲಿಸಿ ತಣ್ಣಗಾಗಲು ಬಿಡಿ.

ಪೆಟ್ರೋಲ್ ವಿಷಯ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. 1972ರಲ್ಲಿ ಜಾವಾ ಮಾಡಿದವರು ಇದನ್ನು ಕನಸಲ್ಲೂ ನೆನೆದಿರಲಿಲ್ಲ. ಎಥೆನಾಲ್ ಹಳೆ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಪೆಟ್ರೋಲ್ ಕಾಕ್‌ನ (ಟ್ಯಾಂಕ್ ಕೆಳಗಿನ ನಲ್ಲಿಯ) ಬಿರಡೆಯನ್ನು ಉಬ್ಬಿಸುತ್ತದೆ, ಗಾಳಿಯ ತೇವ ಎಳೆದುಕೊಂಡು ಟ್ಯಾಂಕಿನ ತಳದಲ್ಲಿ ನೀರು ಕೂರಿಸುತ್ತದೆ. ತುಕ್ಕು ಅಲ್ಲಿಂದ ಶುರು. ಹಾಗಾಗಿ ಟ್ಯಾಂಕನ್ನು ತೆಗೆದು ತುಕ್ಕು ಪೂರ್ತಿ ತೊಳೆಸಿ. ಕಾಕ್, ಪೈಪ್ ಹೊಸದು ಹಾಕಿಸಿ. ಪೈಪ್ ಕೊಳ್ಳುವಾಗ ಎಥೆನಾಲ್ ತಡೆಯುವಂಥದ್ದೇ ಕೇಳಿ. ಟ್ಯಾಂಕ್ ಒಳಗೆ ಅಗ್ಗದ ಎಪಾಕ್ಸಿ ಲೇಪನ ಮಾಡಿಸಬೇಡಿ. ಕೆಲವು ಎಥೆನಾಲ್‌ಗೆ ಕರಗಿ ಪದರ ಪದರವಾಗಿ ಎದ್ದು ಕಾರ್ಬುರೇಟರ್ ಜೆಟ್‌ಗೆ (ಪೆಟ್ರೋಲ್ ಬಿಡುವ ಸಣ್ಣ ತೂತಿಗೆ) ಸಿಕ್ಕಿಕೊಳ್ಳುತ್ತವೆ. ಎಥೆನಾಲ್‌ನಿಂದ ಮಿಶ್ರಣವೂ ಸ್ವಲ್ಪ ಬಡವಾಗುತ್ತದೆ. ಒಂದಷ್ಟು ದೂರ ಓಡಿಸಿ ಪ್ಲಗ್ ನೋಡಿ. ಕಾಫಿ ಪುಡಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಬೇಕು.

ಟೂಟಿ ಆಯಿಲ್ ನಾನು ಲೀಟರಿಗೆ 40 ಮಿ.ಲೀ. ಹಾಕುತ್ತೇನೆ, ಅಂದರೆ 25ಕ್ಕೆ 1. ಅಂದಾಜಿನ ಮೇಲೆ ಸುಮ್ನೆ ಸುರಿಯಬೇಡಿ. ಅಳತೆ ಬಾಟಲ್ ಇಟ್ಟುಕೊಳ್ಳಿ. ಮೊದಲು ಎಣ್ಣೆ, ಅದರ ಮೇಲೆ ಪೆಟ್ರೋಲ್, ಆಗ ಚೆನ್ನಾಗಿ ಬೆರೆಯುತ್ತದೆ.

ಕರೆಂಟಿನ ಕೆಲಸ ಕಷ್ಟವಿಲ್ಲ. ಇದು 6 ವೋಲ್ಟ್ ಗಾಡಿ. ಬ್ಯಾಟರಿ ಸತ್ತಿದ್ದರೆ ಕಿಡಿ ಬರುವುದಿಲ್ಲ, ಆದ್ದರಿಂದ ಒಳ್ಳೆಯ ಬ್ಯಾಟರಿ ಮೊದಲು. ಪಾಯಿಂಟ್ (ಕಿಡಿ ಬರಿಸಲು ಕರೆಂಟ್ ಕಡಿಯುವ ತುದಿಗಳು) ಗ್ಯಾಪ್ 0.4 ಮಿ.ಮೀ., ಪ್ಲಗ್ ಗ್ಯಾಪ್ 0.6 ಮಿ.ಮೀ. ಪಾಯಿಂಟ್ ಪದೇ ಪದೇ ಸುಡುತ್ತಿದ್ದರೆ ಕಂಡೆನ್ಸರ್ ಬದಲಿಸಿ. ವೈರಿಂಗ್ ಹಳೆಯದಾದರೆ ಪೂರ್ತಿ ಹೊಸದು ಹಾಕಿಸಿ, ಗಂಟು ಹಾಕಿಸಬೇಡಿ. 12 ವೋಲ್ಟ್ ಕಿಟ್‌ಗಳು ಸಿಗುತ್ತವೆ. ಸಂಜೆ ಮೇಲೆ ಓಡಿಸುವವರಿಗೆ ಲೈಟ್ ಚೆನ್ನಾಗಿ ಬರುತ್ತದೆ, ನನಗೆ ಅದರಲ್ಲಿ ತಕರಾರಿಲ್ಲ. ಹಳೆ ಡೈನಮೋ ಮಾತ್ರ ಮಾರಬೇಡಿ, ಒಂದು ಡಬ್ಬಿಯಲ್ಲಿಡಿ.

ಬ್ರೇಕ್ ಬಗ್ಗೆ ಕಟ್ಟುನಿಟ್ಟಾಗಿರಿ. ಎರಡೂ ಕಡೆ ಡ್ರಮ್. ಈಗಿನ ಡಿಸ್ಕ್ ಬ್ರೇಕಿಗೆ ಅಭ್ಯಾಸವಾದ ಕೈಗೆ ಇದು ನಿಲ್ಲುವುದೇ ಇಲ್ಲ ಅನ್ನಿಸುತ್ತದೆ. ಲೈನರ್ ಹೊಸದು ಹಾಕಿಸಿದರೆ ಸಾಲದು, ಶೂ ಡ್ರಮ್‌ಗೆ ಪೂರ್ತಿ ಕೂರುವ ಹಾಗೆ ಲೇತ್‌ನಲ್ಲಿ ಹಿಡಿಸಬೇಕು. ಕೇಬಲ್‌ಗಳು ಹೊಸದಾಗಿರಲಿ. ಟೈರ್ 16 ಇಂಚಿನದು. ಬಟನ್ (ಮೇಲಿನ ಉಬ್ಬುಗಳು) ಚೆನ್ನಾಗಿದೆ ಅಂತ ಹಳೆಯದನ್ನೇ ಓಡಿಸಬೇಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅಂಥ ನಾಲ್ಕು ಅಂಕಿಯೇ ಇಲ್ಲದಿದ್ದರೆ ಅದು 2000ಕ್ಕೂ ಹಿಂದಿನದು, ಅವತ್ತೇ ಬಿಚ್ಚಿಸಿ. ಟ್ಯೂಬ್, ರಿಮ್ ಟೇಪ್ ಕೂಡ ಅದರ ಜೊತೆಗೇ.

ಗಾಡಿ ಇಷ್ಟಕ್ಕೆ ಬಂದ ಮೇಲೆ ಇನ್ಶೂರೆನ್ಸ್ ಮತ್ತು ಎಮಿಷನ್. ಥರ್ಡ್ ಪಾರ್ಟಿ ಕಡ್ಡಾಯ. 150ರಿಂದ 350 ಸಿಸಿ ಬೈಕಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 1,366 ರೂಪಾಯಿ, ಮೇಲೆ ತೆರಿಗೆ. ಟೂ ಸ್ಟ್ರೋಕ್ ಎಮಿಷನ್ ಪಾಸಾಗುವುದಿಲ್ಲ ಅನ್ನುವುದು ಸುಳ್ಳು. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಮಿತಿಯೇ ಬೇರೆ: ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ಸೀಲ್, ಕಾರ್ಬುರೇಟರ್ ಸರಿಯಿರುವ ಜಾವಾ ಆರಾಮವಾಗಿ ಪಾಸಾಗುತ್ತದೆ. ಪರೀಕ್ಷೆಗೆ ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ತಯಾರಿಕೆಯ ವರ್ಷ ಸರಿಯಾಗಿ ನಮೂದಿಸಿದ್ದಾರಾ ಅಂತ ಪರದೆ ಮೇಲೆ ನೋಡಿ. ತಪ್ಪು ವರ್ಷ ಹಾಕಿದರೆ ಹೊಸ ಗಾಡಿಯ ಮಿತಿಗೆ ಅಳೆದು ಫೇಲ್ ಮಾಡುತ್ತದೆ.

ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ಆರ್‌ಟಿಒವರೆಗೆ ಓಡಿಸಿಕೊಂಡು ಹೋಗಬೇಡಿ. ಒಂದು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ. ಇನ್‌ಸ್ಪೆಕ್ಟರ್ ನಂಬರ್‌ಗಳನ್ನು ನೋಡುತ್ತಾರೆ, ಹೆಡ್‌ಲೈಟ್, ಬ್ರೇಕ್ ಲೈಟ್, ಹಾರ್ನ್, ಕನ್ನಡಿ, ಟೈರ್, ಬ್ರೇಕ್ ನೋಡುತ್ತಾರೆ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಳೆ ಗಾಡಿಗಳಿಗೂ ಕಡ್ಡಾಯ. ಕಿಕ್ಕರ್ ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್ ಆಗುತ್ತದೆ ಅನ್ನುವುದು ಈಗಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಗಾಡಿ ಸ್ಟಾರ್ಟ್ ಮಾಡಿ ತೋರಿಸುವುದು ನೀವೇ ಮಾಡಿ.

ರಸ್ತೆಗೆ ಬಂದ ಮೇಲೆ ಒಂದು ಅಭ್ಯಾಸ ಬೆಳೆಸಿಕೊಳ್ಳಲೇಬೇಕು. ಈ ಎಂಜಿನ್‌ಗೆ ಎಣ್ಣೆ ಹೋಗುವುದು ಪೆಟ್ರೋಲ್ ಜೊತೆಗೆ ಮಾತ್ರ. ನಿಮ್ಮ ಕಡೆಯಿಂದ ಶಿರಾಡಿಯೋ ಚಾರ್ಮಾಡಿಯೋ ಇಳಿಯುತ್ತೀರಿ ಅಂದುಕೊಳ್ಳಿ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಮೈಲಿಗಟ್ಟಲೆ ಇಳಿದರೆ ಎಂಜಿನ್ ಜೋರಾಗಿ ಸುತ್ತುತ್ತಿರುತ್ತದೆ, ಎಣ್ಣೆ ಮಾತ್ರ ಸಿಗುತ್ತಿರುವುದಿಲ್ಲ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ತಿರುವಿ, ಮತ್ತೆ ಕ್ಲಚ್ ಬಿಡಿ. ಎಲ್ಲೇ ಆಗಲಿ ಎಂಜಿನ್ ಇದ್ದಕ್ಕಿದ್ದಂತೆ ಬಿಗಿಯಾದ ಹಾಗೆ ಅನ್ನಿಸಿದರೆ ಮೊದಲು ಕ್ಲಚ್ ಹಿಡಿಯಿರಿ. ಯೋಚನೆ ಆಮೇಲೆ. ಹಿಂದಿನ ಚಕ್ರ ಲಾಕ್ ಆಗಿ ಬೀಳುವುದು ಆ ಒಂದು ಕ್ಷಣದಲ್ಲಿ. ಪಕ್ಕಕ್ಕೆ ನಿಲ್ಲಿಸಿ, ಪೂರ್ತಿ ತಣ್ಣಗಾಗುವವರೆಗೆ ಕಿಕ್ ಮುಟ್ಟಬೇಡಿ.

ಹದಿನೈದು ದಿನಕ್ಕೊಮ್ಮೆಯಾದರೂ ಹತ್ತು ಹದಿನೈದು ಕಿ.ಮೀ. ಓಡಿಸಿ. ಮನೆ ಮುಂದೆ ಸುಮ್ನೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುವುದರಿಂದ ಲಾಭವಿಲ್ಲ, ಸೈಲೆನ್ಸರ್ ತುಂಬಾ ಮಸಿ, ನೀರು ಕೂರುತ್ತದೆ ಅಷ್ಟೇ. ಮನೆಗೆ ಬರುವ ಸ್ವಲ್ಪ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ. ಕಾರ್ಬುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಖಾಲಿಯಾಗಿ ತಾನೇ ನಿಲ್ಲಲಿ. ಎಥೆನಾಲ್ ಕಾಲದಲ್ಲಿ ಇದಂತೂ ಬಹಳ ಮುಖ್ಯ. ಮಳೆಗಾಲದಲ್ಲಿ ಜಾಸ್ತಿ ದಿನ ನಿಲ್ಲಿಸಬೇಕಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೆ ಸ್ವಲ್ಪ ಟೂಟಿ ಆಯಿಲ್ ಹಾಕಿ ಅಲ್ಲಾಡಿಸಿ ಇಡಿ.

ಹೊಸ ಆರ್‌ಸಿ ಕೈಗೆ ಬಂದ ದಿನ ಒಂದು ಕೆಲಸ ಇದೆ. ಪೆನ್ಸಿಲ್ ಪ್ರಿಂಟ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಹೆಸರು, ಚಾಸಿ ನಂಬರ್, ಎಂಜಿನ್ ನಂಬರ್, ತಯಾರಿಕೆಯ ವರ್ಷ, ಬಣ್ಣ, ಮುಂದಿನ ಅವಧಿ ಎಲ್ಲಿಯವರೆಗೆ, ಎಲ್ಲ ಕೌಂಟರ್ ಹತ್ತಿರವೇ ನಿಂತು ಓದಿ. ತಪ್ಪಿದ್ದರೆ ಅಲ್ಲೇ ತಿದ್ದುಪಡಿಗೆ ಬರೆದುಕೊಡಿ. ಮುಂದಿನ ನವೀಕರಣಕ್ಕೆ ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಆ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿಡಿ.